ಒಂದೇ ಹೆಸರಿನ ಅರಸರು

ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಮೊದಲ ಗಂಡುಮಗುವಾದರೆ ಬೇರೆ ಹೆಸರನ್ನು ಯಾರೂ ಯೋಚಿಸುವುದೇ ಇಲ್ಲ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಆ ಹೆಸರು ಹೇಳುವಾಗ ಅಜ್ಜಿಯ ಕಣ್ಣು ತುಂಬಿಬರುತ್ತದೆ. ತೊಡಕು ಎದುರಾಗುವುದು ಮೂವತ್ತು ನಲವತ್ತು ವರ್ಷ ಕಳೆದ ಮೇಲೆ, ಜಮೀನಿನ ಕಾಗದಪತ್ರ ಹೊರತೆಗೆದಾಗ. ಪಹಣಿಯಲ್ಲಿರುವ ರಂಗಪ್ಪ ಯಾರು, ಅಜ್ಜನೋ ಮೊಮ್ಮಗನೋ? ಆಗ ಗ್ರಾಮಲೆಕ್ಕಿಗರು ಹೆಸರಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ; ಅದರ ಮುಂದಿರುವ ‘ಬಿನ್’ ಎಂಬುದನ್ನು ಹುಡುಕುತ್ತಾರೆ. ರಂಗಪ್ಪ ಬಿನ್ ತಿಮ್ಮಪ್ಪನೋ, ರಂಗಪ್ಪ ಬಿನ್ ಹನುಮಂತಪ್ಪನೋ ಎಂದು ತಿಳಿದರೆ ಹೊಲ ಯಾರದೆಂಬುದು ತೀರ್ಮಾನವಾಗುತ್ತದೆ.

ಪ್ರಾಚೀನ ರೋಮಿನ ನಾಣ್ಯಗಳನ್ನು ಗುರುತಿಸುವವರ ಕೆಲಸವೂ ಬಹುಪಾಲು ಇದೇ. ಆ ನಾಣ್ಯಗಳು ನಮಗೆ ತೀರ ದೂರದವೂ ಅಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ, ಎಚ್‌ಎಎಲ್ ಆಸುಪಾಸಿನಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಮೆಣಸು, ಮುತ್ತು, ಹತ್ತಿಬಟ್ಟೆಗೆ ಬೆಲೆಯಾಗಿ ಹಡಗಿನಲ್ಲಿ ಬಂದ ಹಣ ದಕ್ಷಿಣ ಭಾರತದ ಒಳನಾಡಿಗೂ ಹರಿದಿತ್ತು. ಅದರಲ್ಲಿ ಹೆಚ್ಚಾಗಿ ಕಾಣುವುದು ಅಗಸ್ಟಸ್ ಮತ್ತು ಟೈಬೀರಿಯಸ್ ಅರಸರ ನಾಣ್ಯ. ಇಬ್ಬರ ನಾಣ್ಯದ ಮೇಲೂ ‘ಸೀಸರ್’ ಇದೆ, ಇಬ್ಬರದರ ಮೇಲೂ ‘ಅಗಸ್ಟಸ್’ ಇದೆ, ಇಬ್ಬರದರ ಮೇಲೂ ‘ದಿವಿ’ ಎಂಬ ಮಾತಿದೆ. ವ್ಯತ್ಯಾಸವೆಲ್ಲ ‘ಎಫ್’ ಎಂಬ ಒಂಟಿ ಅಕ್ಷರದ ಸುತ್ತ. ಫಿಲಿಯಸ್, ಅಂದರೆ ಮಗ. ರೋಮಿನವರ ‘ಬಿನ್’ ಅದು. ಅಗಸ್ಟಸ್ ತನ್ನನ್ನು ದೇವತ್ವಕ್ಕೇರಿದವನ ಮಗನೆಂದು ಕರೆದುಕೊಂಡ. ಅವನ ಪಾಲಿಗೆ ಆ ತಂದೆ ಜೂಲಿಯಸ್ ಸೀಸರ್. ಟೈಬೀರಿಯಸ್ ತನ್ನನ್ನು ದೇವತ್ವಕ್ಕೇರಿದ ಅಗಸ್ಟಸ್‌ನ ಮಗ ಎಂದು ಬರೆಸಿದ. ಇಬ್ಬರೂ ದತ್ತುಮಕ್ಕಳೇ ಎಂಬುದನ್ನು ನೆನೆದರೆ, ಆ ಒಂದು ಅಕ್ಷರವನ್ನು ಅವರು ಅಷ್ಟು ಜೋಪಾನವಾಗಿ ಕೆತ್ತಿಸಿದ್ದೇಕೆಂದು ತಿಳಿಯುತ್ತದೆ.

ಅಕ್ಷರ ಸವೆದಿದ್ದರೆ ನಾಣ್ಯ ತಿರುವಿ ನೋಡಬೇಕು. ಅಗಸ್ಟಸ್‌ನ ನಾಣ್ಯದ ಹಿಂಬದಿಯಲ್ಲಿ ಇಬ್ಬರು ಹುಡುಗರು ಎದುರುಬದುರು ನಿಂತಿರುತ್ತಾರೆ, ನಡುವೆ ಗುರಾಣಿ ಮತ್ತು ಭರ್ಜಿ. ಅವರು ಗಾಯಸ್ ಮತ್ತು ಲೂಸಿಯಸ್, ಅಗಸ್ಟಸ್ ದತ್ತು ತೆಗೆದುಕೊಂಡು ಉತ್ತರಾಧಿಕಾರಿಗಳೆಂದು ಬೆಳೆಸಿದ ಮೊಮ್ಮಕ್ಕಳು. ಒಬ್ಬ ಕ್ರಿ.ಶ. 2ರಲ್ಲಿ, ಇನ್ನೊಬ್ಬ 4ರಲ್ಲಿ ತೀರಿಹೋದರು. ಪಟ್ಟ ಟೈಬೀರಿಯಸ್‌ನ ಪಾಲಾಯಿತು. ಅವನ ನಾಣ್ಯದ ಹಿಂದೆ ರಾಜದಂಡ ಹಿಡಿದು ಕುಳಿತ ಹೆಂಗಸೊಬ್ಬಳಿದ್ದಾಳೆ. ಇನ್ನು ಯಶವಂತಪುರದ ನಿಧಿಯಲ್ಲಿ ಕ್ಲಾಡಿಯಸ್ ಅರಸನ ನಾಣ್ಯಗಳೂ ಇದ್ದವು. ಅವನ ಮೊದಲ ಹೆಸರೂ ಟೈಬೀರಿಯಸ್ಸೇ. ಅವನ ನಾಣ್ಯದ ಬರಹವೂ ‘ಟಿಐ’ ಎಂಬ ಎರಡು ಅಕ್ಷರದಿಂದಲೇ ತೊಡಗುತ್ತದೆ, ಮುಂದಿನ ಪದ ಓದುವ ತಾಳ್ಮೆ ಇಲ್ಲದವರಿಗೆ ಇಬ್ಬರೂ ಒಬ್ಬನೇ. ಚಂದ್ರವಳ್ಳಿಯ ಅದೇ ನೆಲದಲ್ಲಿ ಶಾತವಾಹನರ ನಾಣ್ಯಗಳೂ ಸಿಕ್ಕಿವೆ. ಶಾತಕರ್ಣಿ ಎಂಬ ಹೆಸರು ಹೊತ್ತವರು ಆ ವಂಶದಲ್ಲಿ ಹಲವರು. ಅವರನ್ನು ಬೇರೆ ಬೇರೆಯಾಗಿ ತಿಳಿಯಲು ನಮಗೆ ನೆರವಾಗುವುದು ತಾಯಿಯ ಹೆಸರು: ಗೌತಮೀಪುತ್ರ, ವಾಸಿಷ್ಠೀಪುತ್ರ. ರೋಮಿನ ಅರಸ ತಂದೆಯನ್ನು ಮುಂದಿಟ್ಟುಕೊಂಡ, ನಮ್ಮ ದಖ್ಖನದ ಅರಸ ತಾಯಿಯನ್ನು. ನನಗೆ ಇದು ಬಹಳ ಹಿಡಿಸಿದ ಸಂಗತಿ.

ನಾಲ್ಕನೇ ಶತಮಾನಕ್ಕೆ ಬಂದರೆ ಗೊಂದಲ ಇಮ್ಮಡಿಸುತ್ತದೆ. 306ರಲ್ಲಿ ಬ್ರಿಟನ್ನಿನ ಯಾರ್ಕ್‌ನಲ್ಲಿ ತೀರಿಕೊಂಡ ಅರಸನ ಹೆಸರು ಕಾನ್‌ಸ್ಟಾಂಟಿಯಸ್. ಸೈನಿಕರು ಅಲ್ಲಿಯೇ ಅವನ ಮಗನನ್ನು ಅರಸನೆಂದು ಸಾರಿದರು. ಅವನು ಕಾನ್‌ಸ್ಟಾಂಟಿನಸ್, ಶಾಲೆಯ ಪುಸ್ತಕದಲ್ಲಿ ನಾವು ಓದಿದ ಮಹಾ ಕಾನ್‌ಸ್ಟಂಟೈನ್. ಅವನು ತನ್ನ ಗಂಡುಮಕ್ಕಳಲ್ಲಿ ಮೂವರಿಗೆ ಇಟ್ಟ ಹೆಸರು ಕಾನ್‌ಸ್ಟಾಂಟಿನಸ್, ಕಾನ್‌ಸ್ಟಾಂಟಿಯಸ್, ಕಾನ್‌ಸ್ಟಾನ್ಸ್. ಮೊದಲನೆಯದು ತನ್ನದೇ, ಎರಡನೆಯದು ತನ್ನ ತಂದೆಯದು, ಮೂರನೆಯದು ಅದರದೇ ತುಂಡು. ಮಲತಂಗಿ ಕಾನ್‌ಸ್ಟಾಂಟಿಯಾ, ಮಗಳು ಕಾನ್‌ಸ್ಟಾಂಟಿನಾ, ಕಟ್ಟಿಸಿದ ರಾಜಧಾನಿ ಕಾನ್‌ಸ್ಟಾಂಟಿನೋಪಲ್. ಆ ಊರಿನ ಟಂಕಸಾಲೆಯ ಗುರುತಾಗಿ ನಾಣ್ಯದ ತಳದಲ್ಲಿ ‘ಕಾನ್ಸ್’ ಎಂಬ ನಾಲ್ಕು ಅಕ್ಷರ ಬೇರೆ ಒತ್ತುತ್ತಿದ್ದರು. ಹೊಸಬರು ಅದನ್ನೂ ಅರಸನ ಹೆಸರೆಂದು ಓದಿಬಿಡುತ್ತಾರೆ.

ಈ ಕಾಲದ ಕಂಚಿನ ನಾಣ್ಯವೊಂದನ್ನು ಅಂಗೈಯಲ್ಲಿಟ್ಟು ನೋಡಬೇಕು. ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ಹಸಿರುಗಪ್ಪು ಬಣ್ಣ, ಅಂಚು ಸರಿಯಾದ ದುಂಡಲ್ಲ. ಹಿಂಬದಿಯಲ್ಲಿ ಇಬ್ಬರು ಸೈನಿಕರು ಭರ್ಜಿ ಹಿಡಿದು ನಿಂತಿದ್ದಾರೆ, ನಡುವೆ ದಂಡಿನ ಧ್ವಜಸ್ತಂಭ. ಸುತ್ತ ಬರೆದಿರುವುದು ಸೈನ್ಯದ ಕೀರ್ತಿ ಎಂದು. ತಂದೆಯದೂ ಮೂವರು ಮಕ್ಕಳದೂ ಇದೇ ಚಿತ್ರ. 330ರಿಂದ ಸುಮಾರು ಐದು ವರ್ಷ ಎರಡು ಧ್ವಜಸ್ತಂಭ, ಆಮೇಲೆ ನಾಣ್ಯ ಕಿರಿದಾಯಿತು, ಸ್ತಂಭ ಒಂದೇ ಆಯಿತು. ಕಾಲ ಹಿಡಿಯಲು ಅಷ್ಟು ಸಾಕು, ಆದರೆ ಆಳು ಹಿಡಿಯಲು ಮುಂಬದಿಯನ್ನೇ ಓದಬೇಕು. ಕಾನ್‌ಸ್ಟಾಂಟಿನಸ್, ಕಾನ್‌ಸ್ಟಾಂಟಿಯಸ್ ಎಂಬ ಎರಡು ಹೆಸರಿನ ನಡುವೆ ಲ್ಯಾಟಿನ್ ಬರಹದಲ್ಲಿ ಇರುವ ಅಂತರ ಒಂದೇ ಒಂದು ‘ಎನ್’. ಅದೂ ಹೆಸರಿನ ತುದಿಯಲ್ಲಿ. ಕಾಯಿಸಿದ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ ಕಾಲ. ಬಿಲ್ಲೆ ಕೊಂಚ ಸರಿದರೆ ಅಂಚಿನ ಅಕ್ಷರಗಳು ನಾಣ್ಯದ ಮೇಲೆ ಮೂಡುತ್ತಲೇ ಇರಲಿಲ್ಲ.

ಹೆಸರು ಕೈಕೊಟ್ಟಾಗ ಕೈಹಿಡಿಯುವುದು ಬಿರುದು. ಪಟ್ಟದ ಅರಸನಾದರೆ ಹೆಸರಿನ ಕೊನೆಯಲ್ಲಿ ‘ಅಗ್’, ಅಂದರೆ ಅಗಸ್ಟಸ್. ಯುವರಾಜನಾದರೆ ‘ನೋಬ್ ಸಿ’, ಕುಲೀನ ಸೀಸರ್. ತಂದೆಯ ತಲೆಯ ಮೇಲೆ ಸಾಮಾನ್ಯವಾಗಿ ರತ್ನವೋ ಹೂವೋ ಕೂಡಿಸಿದ ಪಟ್ಟಿ, ಮಕ್ಕಳ ತಲೆಯ ಮೇಲೆ ಲಾರೆಲ್ ಎಲೆಯ ದಂಡೆ. ತಂದೆಯ ಹೆಸರನ್ನೇ ಹೊತ್ತ ಮಗನಿಗೆ ‘ಐಯುಎನ್’ ಎಂಬ ಮೂರು ಅಕ್ಷರ ಹೆಚ್ಚಿಗೆ, ಕಿರಿಯ ಎಂದರ್ಥ. ಅಜ್ಜ ಕಾನ್‌ಸ್ಟಾಂಟಿಯಸ್ ಮತ್ತು ಮೊಮ್ಮಗ ಕಾನ್‌ಸ್ಟಾಂಟಿಯಸ್‌ರನ್ನು ಬೇರೆ ಮಾಡಲು ತಕ್ಕಡಿಯೂ ಸಾಕು. ಸುಮಾರು 294ರಲ್ಲಿ ಡಯೋಕ್ಲಿಷಿಯನ್ ತಂದ ದೊಡ್ಡ ಕಂಚಿನ ನಾಣ್ಯ ಹೆಚ್ಚುಕಡಿಮೆ 10 ಗ್ರಾಂ ತೂಗುತ್ತಿತ್ತು. ಅಜ್ಜನ ಮುಖ ಅದರ ಮೇಲಿದೆ, ಗಡ್ಡ ಸಮೇತ. ಮೊಮ್ಮಗ ಯುವರಾಜನಾಗಿದ್ದ ಕಾಲಕ್ಕೆ ಅದೇ ಬಗೆಯ ನಾಣ್ಯ ಸವಕಲಾಗಿ ಎರಡೂವರೆ ಗ್ರಾಮಿಗೆ, ಅದಕ್ಕೂ ಕೆಳಕ್ಕೆ ಇಳಿದಿತ್ತು. ಎರಡು ತಲೆಮಾರಿನಲ್ಲಿ ಸಂಸಾರದ ಖರ್ಚು ಎಷ್ಟು ಏರಿರಬೇಕೆಂದು ಗೃಹಸ್ಥರಾದ ನಾವು ಊಹಿಸಬಲ್ಲೆವು.

ಈ ಮನೆಯ ಒಬ್ಬನ ನಾಣ್ಯವನ್ನು ಮಾತ್ರ ನಾನು ತುಸು ಹೆಚ್ಚು ಹೊತ್ತು ನೋಡುತ್ತೇನೆ. 337ರಲ್ಲಿ ಮಹಾ ಕಾನ್‌ಸ್ಟಂಟೈನ್ ತೀರಿಕೊಂಡ. ಅವನ ನೆನಪಿಗೆ ಮಕ್ಕಳು ಹೊರಡಿಸಿದ ನಾಣ್ಯದಲ್ಲಿ ಅವನ ತಲೆಗೆ ಮುಸುಕು ಇದೆ. ಹಿಂಬದಿಯಲ್ಲಿ ನಾಲ್ಕು ಕುದುರೆಯ ರಥವೇರಿ ಅವನು ಮೇಲಕ್ಕೆ ಹೊರಟಿದ್ದಾನೆ, ಆಕಾಶದಿಂದ ಒಂದು ಕೈ ಕೆಳಗೆ ಚಾಚಿದೆ. ಅರಸರ ತಂದೆ ಎಂಬ ಬಿರುದೂ ಇದೆ. ಅದೇ ವರ್ಷ ಆ ಮನೆಯಲ್ಲಿ ದಾಯಾದಿಗಳ ಕೊಲೆಯಾಯಿತು. ಚಿಕ್ಕಪ್ಪಂದಿರು, ಅವರ ಮಕ್ಕಳು ಸತ್ತರು. ಉಳಿದ ಇಬ್ಬರು ಹುಡುಗರಲ್ಲಿ ಒಬ್ಬ ಗ್ಯಾಲಸ್. ಹದಿನಾಲ್ಕು ವರ್ಷದ ಬಳಿಕ, 351ರಲ್ಲಿ, ಇಮ್ಮಡಿ ಕಾನ್‌ಸ್ಟಾಂಟಿಯಸ್ ಅವನನ್ನು ಕರೆಸಿ ಯುವರಾಜನನ್ನಾಗಿ ಮಾಡಿ, ಸೋದರಿಯನ್ನೂ ಕೊಟ್ಟು, ತನ್ನ ಹೆಸರನ್ನೂ ಕೊಟ್ಟ. ನಾಣ್ಯದ ಮೇಲೆ ಗ್ಯಾಲಸ್ ಎಂಬ ಹೆಸರು ಕಾಣುವುದೇ ಇಲ್ಲ, ಅಲ್ಲಿ ಅವನೂ ಕಾನ್‌ಸ್ಟಾಂಟಿಯಸ್ಸೇ. ಮೂರು ವರ್ಷದಲ್ಲಿ ಹೆಸರು ಕೊಟ್ಟವನೇ ಅವನ ತಲೆ ತೆಗೆಸಿದ. ಇಬ್ಬರನ್ನೂ ಬೇರ್ಪಡಿಸುವ ಗುರುತು ತಲೆಯ ಮೇಲೇ ಇದೆ. ಅರಸನಿಗೆ ರತ್ನದ ಪಟ್ಟಿ. ಗ್ಯಾಲಸ್‌ನ ತಲೆ ಬರಿದು, ಪಟ್ಟಿಯೂ ಇಲ್ಲ, ಎಲೆಯ ದಂಡೆಯೂ ಇಲ್ಲ. ಆ ಬರಿದಾದ ತಲೆಯನ್ನು ಗಮನಿಸದೆ ಹೆಸರಷ್ಟೇ ಓದಿದರೆ, ಆ ಹುಡುಗನ ಪಾಲಿಗಿದ್ದ ಕೆಲವೇ ನಾಣ್ಯಗಳನ್ನೂ ಅವನನ್ನು ಕೊಲ್ಲಿಸಿದವನ ಲೆಕ್ಕಕ್ಕೆ ಬರೆದ ಹಾಗಾಗುತ್ತದೆ.

ಹೆಸರು, ಬಿರುದು, ಚಿತ್ರ ಎಲ್ಲವೂ ಒಂದೇ ಆದರೆ? 238ರಲ್ಲಿ ಆಫ್ರಿಕದ ಪ್ರಾಂತದಲ್ಲಿ ದಂಗೆಯೆದ್ದವರು ಎಂಬತ್ತರ ಹತ್ತಿರದ ಗಾರ್ಡಿಯನ್ ಎಂಬ ಮುದುಕನನ್ನು ಅರಸನನ್ನಾಗಿ ಮಾಡಿದರು. ಅವನು ಮಗನನ್ನೂ ಜೊತೆಗೆ ಪಟ್ಟಕ್ಕೇರಿಸಿದ. ಮಗನ ಹೆಸರೂ ಗಾರ್ಡಿಯನ್. ಆಳಿದ್ದು ಸುಮಾರು ಮೂರು ವಾರ. ಮಗ ಕಾರ್ತೇಜಿನ ಯುದ್ಧದಲ್ಲಿ ಸತ್ತ, ಸುದ್ದಿ ಕೇಳಿದ ತಂದೆ ಪ್ರಾಣ ಬಿಟ್ಟ. ಅಷ್ಟರಲ್ಲಿ ರೋಮಿನ ಟಂಕಸಾಲೆ ಇಬ್ಬರಿಗೂ ನಾಣ್ಯ ಹೊಡೆದಾಗಿತ್ತು, ಇಬ್ಬರ ಸುತ್ತಲೂ ಅದೇ ಬರಹ. ಇಲ್ಲಿ ಮುಖವನ್ನೇ ನೋಡಬೇಕು. ತಂದೆಯದು ಒಣಗಿದ, ಗೆರೆಬಿದ್ದ ಮುಖ, ಹಣೆಯ ಮೇಲೆ ಕೂದಲಿದೆ. ಮಗನದು ತುಂಬಿದ ಮುಖ, ಮುಂದಲೆ ಬೋಳು. ಎಂಬತ್ತರ ತಂದೆಗೆ ಕೂದಲು, ನಡುವಯಸ್ಸಿನ ಮಗನಿಗೆ ಇಲ್ಲ. ಕೆತ್ತುವವನು ಅದನ್ನು ಮುಚ್ಚಿಡದೆ ಕೆತ್ತಿದ್ದರಿಂದಲೇ ಇವತ್ತು ಇಬ್ಬರೂ ಬೇರೆಯಾಗಿ ಉಳಿದಿದ್ದಾರೆ. ಅದೇ ವರ್ಷ ಪಟ್ಟಕ್ಕೆ ಬಂದ ಮೊಮ್ಮಗನೂ ಗಾರ್ಡಿಯನ್ನೇ, ಹದಿಮೂರರ ಹುಡುಗ. ಆಫ್ರಿಕವನ್ನು ಸೂಚಿಸುವ ‘ಎಎಫ್‌ಆರ್’ ಎಂಬ ಬಿರುದು ಅವನ ನಾಣ್ಯದಲ್ಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಬಹುಪಾಲು ಮನೆಯ ಹೆಸರು ಮನೆಯೊಳಗೇ ಇಳಿದುಬಂದ ಕಥೆ. ಹೊರಗಿನವರು ಹೆಸರನ್ನು ತಂದು ಹೊದ್ದುಕೊಂಡದ್ದೂ ಉಂಟು. ಆಂಟನೈನಸ್ ಪಯಸ್ ಮತ್ತು ಮಾರ್ಕಸ್ ಅರೀಲಿಯಸ್ ಎರಡನೇ ಶತಮಾನದಲ್ಲಿ ಒಳ್ಳೆಯ ಹೆಸರು ಗಳಿಸಿ ಹೋದರು. ಆಮೇಲೆ ಕತ್ತಿಯ ಬಲದಿಂದ ಪಟ್ಟಕ್ಕೆ ಬಂದ ಸೆಪ್ಟಿಮಿಯಸ್ ಸೆವೆರಸ್, ಮಾರ್ಕಸ್ ಅರೀಲಿಯಸ್ ಸತ್ತು ಹದಿನೈದು ವರ್ಷವಾದ ಮೇಲೆ, ತಾನು ಅವನ ದತ್ತುಮಗನೆಂದು ಸಾರಿದ. ತಂದೆ ಸಿಕ್ಕಿದ್ದಕ್ಕೆ ಅವನನ್ನು ಒಬ್ಬ ಅಭಿನಂದಿಸಿದನೆಂದು ಇತಿಹಾಸಕಾರ ಡಿಯೊ ದಾಖಲಿಸಿದ್ದಾನೆ. ಬಾಸಿಯಾನಸ್ ಎಂಬ ತನ್ನ ಮಗನಿಗೆ ಸೆವೆರಸ್ ಮಾರ್ಕಸ್ ಅರೀಲಿಯಸ್ ಆಂಟನೈನಸ್ ಎಂದು ಹೊಸ ಹೆಸರಿಟ್ಟ. ಲೋಕ ಅವನನ್ನು ಕರೆಯುವುದು ಕ್ಯಾರಕಲಾ ಎಂದು. 211ರಲ್ಲಿ ತಾಯಿಯ ತೋಳಲ್ಲಿದ್ದ ತಮ್ಮ ಗೇಟಾನನ್ನು ಕೊಲ್ಲಿಸಿದವನು. ಹಲವು ಊರುಗಳ ನಾಣ್ಯಗಳಲ್ಲಿ ಗೇಟಾನ ಮುಖವನ್ನು ಕೆರೆದು ಅಳಿಸಿದ್ದು ಇಂದಿಗೂ ಕಾಣುತ್ತದೆ. ಕ್ಯಾರಕಲಾ ಸತ್ತ ಮರುವರ್ಷವೇ, 218ರಲ್ಲಿ, ಹದಿನಾಲ್ಕರ ಇನ್ನೊಬ್ಬ ಹುಡುಗನನ್ನು ಅವನ ಅಜ್ಜಿ ಜೂಲಿಯಾ ಮೀಸಾ ಕ್ಯಾರಕಲಾನ ಮಗನೆಂದು ಸೈನ್ಯದ ಮುಂದೆ ನಿಲ್ಲಿಸಿದಳು. ಅವನೂ ಆಂಟನೈನಸ್ಸೇ ಆದ. ಇವತ್ತು ನಾವು ಅವನನ್ನು ಎಲಗಬಾಲಸ್ ಎನ್ನುತ್ತೇವೆ.

ಇವರನ್ನು ಬೇರ್ಪಡಿಸುವ ಗುರುತುಗಳು ಸೂಕ್ಷ್ಮ. ಹಿರಿಯ ಆಂಟನೈನಸ್‌ನ ನಾಣ್ಯದಲ್ಲಿ ‘ಅಗ್’ ಮೊದಲು, ‘ಪಯಸ್’ ಆಮೇಲೆ. ಕ್ಯಾರಕಲಾನದರಲ್ಲಿ ‘ಪಯಸ್’ ಮೊದಲು, ‘ಅಗ್’ ಆಮೇಲೆ. ಎಲಗಬಾಲಸ್‌ನ ಹಲವು ನಾಣ್ಯಗಳ ಹಿಂಬದಿಯಲ್ಲಿ ಒಂದು ಪುಟ್ಟ ನಕ್ಷತ್ರ. ಅವನು ಸಿರಿಯಾದ ಸೂರ್ಯದೇವರ ಪೂಜಾರಿ. ಕ್ಯಾರಕಲಾ ಬೆಳೆದಂತೆ ನಾಣ್ಯದ ಮುಖವೂ ಬೆಳೆಯುತ್ತದೆ: ದುಂಡು ಕೆನ್ನೆಯ ಬಾಲಕ, ಚಿಗುರು ಮೀಸೆಯ ಯುವಕ, ಕೊನೆಗೆ ಗಡ್ಡ ಬಿಟ್ಟು ಹುಬ್ಬು ಗಂಟಿಕ್ಕಿದ ಗಂಡಸು. ಇಟ್ಟುಕೊಂಡ ಹೆಸರು ಮೂರಕ್ಕೂ ಒಂದೇ ಇದ್ದರೂ, ಬದುಕಿದ ರೀತಿ ಮುಖದ ಮೇಲೆ ಬಂದು ಕೂತಿದೆ.

ಈ ಕೆಲಸದಲ್ಲಿ ಎಲ್ಲರನ್ನೂ ಎಳೆಯುವ ಒಂದು ಆಸೆಯಿದೆ. ಕೈಗೆ ಬಂದ ಸವಕಲು ನಾಣ್ಯ ಮಹಾ ಕಾನ್‌ಸ್ಟಂಟೈನನದೇ ಆಗಿರಲಿ, ಮಾರ್ಕಸ್ ಅರೀಲಿಯಸ್‌ನದೇ ಆಗಿರಲಿ ಎಂಬ ಆಸೆ. ದೊಡ್ಡವರ ಹೆಸರಿಗೆ ಬೆಲೆ ಹೆಚ್ಚು. ಮಾರುವವನಿಗೂ ಅದೇ ಬೇಕು, ಕೊಳ್ಳುವವನಿಗೂ ಅದೇ ಬೇಕು. ನುರಿತವರು ಹಾಗೆ ಮಾಡುವುದಿಲ್ಲ. ಓದಲು ಸಿಕ್ಕ ಅಕ್ಷರಗಳನ್ನಷ್ಟೇ ಮೊದಲು ಬರೆದುಕೊಳ್ಳುತ್ತಾರೆ, ಸಿಗದ ಕಡೆ ಚುಕ್ಕಿ ಇಡುತ್ತಾರೆ. ತಲೆಯ ಮೇಲೇನಿದೆ, ಹಿಂದೆ ಯಾವ ಚಿತ್ರ, ಯಾವ ಟಂಕಸಾಲೆ, ಎಷ್ಟು ತೂಕ ಎಂದು ನೋಡುತ್ತಾರೆ. 1923ರಿಂದ ಸಂಪುಟ ಸಂಪುಟವಾಗಿ ಹೊರಬಂದ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಎಂಬ ಪಟ್ಟಿಯ ಜೊತೆ ಹೋಲಿಸುತ್ತಾರೆ. ಇಷ್ಟಾಗಿಯೂ ಒಂದು ‘ಎನ್’ ಇತ್ತೋ ಇಲ್ಲವೋ ತಿಳಿಯದಿದ್ದರೆ ‘ಕಾನ್‌ಸ್ಟಂಟೈನನ ಮನೆತನದ್ದು’ ಎಂದಷ್ಟೇ ಬರೆದು ನಿಲ್ಲಿಸುತ್ತಾರೆ. ತಿಳಿದಷ್ಟನ್ನು ಹೇಳಿ ತಿಳಿಯದ ಜಾಗದಲ್ಲಿ ನಿಲ್ಲುವ ಈ ಶಿಸ್ತನ್ನು ನಾನು ವಿದ್ವತ್ತಿಗಿಂತ ದೊಡ್ಡದೆಂದು ಎಣಿಸುತ್ತೇನೆ. ಅದು ಸತ್ತವರಿಗೆ ಸಲ್ಲಿಸುವ ನ್ಯಾಯವೂ ಹೌದು.

ಬದುಕಿರುವವರಿಗೆ ನಾವು ಅಷ್ಟು ತಾಳ್ಮೆ ತೋರಿಸುತ್ತೇವೆಯೇ? ಬಾಡಿಗೆಗೆ ಮನೆ ಕೇಳಿಕೊಂಡು ಬಂದವನ ಹೆಸರು ಕೇಳಿದ ಕೂಡಲೇ ‘ಓ, ಅವರ ತಮ್ಮನಾ’ ಎನ್ನುತ್ತೇವೆ. ಅಣ್ಣ ಸಾಲ ಮಾಡಿ ಊರು ಬಿಟ್ಟವನಾದರೆ ತಮ್ಮನಿಗೆ ಮನೆ ಇಲ್ಲ. ಅಕ್ಕ ರ‍್ಯಾಂಕ್ ಬಂದವಳಾದರೆ ತಂಗಿಗೆ ತರಗತಿಯಲ್ಲಿ ಮೊದಲ ದಿನದಿಂದಲೇ ಹೊರೆ. ಮನೆತನದ ಹೆಸರು, ಊರಿನ ಹೆಸರು, ತಂದೆಯ ಹೆಸರು ಓದಿದೊಡನೆ ನಮ್ಮ ತೀರ್ಪು ಸಿದ್ಧ. ಹೀಗೆ ಮಾಡುವವರು ಕೆಟ್ಟವರೇನಲ್ಲ, ಅವಸರದವರು. ಇನ್ನೊಂದು ಪ್ರಶ್ನೆ ಕೇಳಿದ್ದರೆ, ಅವನು ಎಲ್ಲಿ ಕೆಲಸ ಮಾಡುತ್ತಾನೆ, ಹಿಂದಿನ ಮನೆಯವರು ಏನನ್ನುತ್ತಾರೆ ಎಂದು ವಿಚಾರಿಸಿದ್ದರೆ, ತಮ್ಮನ ಮುಖ ಅಣ್ಣನ ಹೆಸರಿನಿಂದ ಬೇರೆಯಾಗಿ ಕಾಣುತ್ತಿತ್ತು. ಅದಕ್ಕೆ ಹಿಡಿಯುವುದು ಐದು ನಿಮಿಷ.

ಕೊನೆಗೆ ಓದುಗರಲ್ಲಿ ಒಂದು ಬೇಡಿಕೆ. ನಮ್ಮ ನೆಲದಲ್ಲಿ ಇಂಥ ನಾಣ್ಯಗಳು ಮತ್ತೆ ಸಿಗಬಹುದು. ಮನೆಗೆ ಪಾಯ ತೋಡುವಾಗ, ಬಾವಿ ಅಗೆಯುವಾಗ, ಹೊಲ ಉಳುವಾಗ. ಸಿಕ್ಕರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬೂದಿ ಮರಳು ಹಚ್ಚಿ ಉಜ್ಜಬೇಡಿ. ಕಿಲುಬಿನ ಜೊತೆಗೆ ಅಂಚಿನ ತೆಳು ಅಕ್ಷರಗಳೂ ಹೋಗುತ್ತವೆ, ಒಬ್ಬನಿಂದ ಇನ್ನೊಬ್ಬನನ್ನು ಬೇರ್ಪಡಿಸುವುದು ಆ ಅಕ್ಷರಗಳೇ. ಅಕ್ಕಸಾಲಿಗರ ಅಂಗಡಿಗೂ ಒಯ್ಯಬೇಡಿ. ಕರಗಿಸಿದ ಬೆಳ್ಳಿಗೆ ಯಾವ ಅರಸನ ಹೆಸರೂ ಇರುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೆ. ಸಿಕ್ಕ ಜಾಗ ಮತ್ತು ಆಳವನ್ನು ಒಂದು ಚೀಟಿಯಲ್ಲಿ ಬರೆದಿಡಿ, ಜೊತೆಗಿದ್ದ ಮಡಕೆಯ ಚೂರುಗಳನ್ನು ಎಸೆಯಬೇಡಿ, ಮಣ್ಣು ಮೆತ್ತಿದ ಹಾಗೆಯೇ ಅವನ್ನೆಲ್ಲ ಅಧಿಕಾರಿಗಳ ಕೈಗೆ ಒಪ್ಪಿಸಿ.